ಎರವಲು ಪಡೆದ ಮುಖಗಳು

ಯೂಟಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಎಡ್ ಕ್ಯಾಟ್‌ಮುಲ್ 1972ರಲ್ಲಿ ತಮ್ಮ ಎಡಗೈಯನ್ನು ಅಚ್ಚು ತೆಗೆಯುವುದಕ್ಕೆಂದು ಪ್ಲಾಸ್ಟರಿನೊಳಗೆ ಇಳಿಸಿದರು. ಮೊದಲು ಕೈಗೆ ವ್ಯಾಸಲೀನ್ ಸವರಿಕೊಳ್ಳಬೇಕಿತ್ತು, ಮರೆತಿದ್ದರು. ಕೈ ಬಿಡಿಸಿಕೊಳ್ಳುವಾಗ ಹಿಂಗೈ ಮೇಲಿನ ರೋಮಗಳೆಲ್ಲ ಕಿತ್ತುಬಂದವು. ಆ ಅಚ್ಚಿನಲ್ಲಿ ಎರಕ ಹೊಯ್ದ ಕೈಯ ಮೇಲೆ ಶಾಯಿಯಲ್ಲಿ 350ರಷ್ಟು ತ್ರಿಕೋನ, ಬಹುಭುಜಗಳನ್ನು ಬರೆದರು. ಒಂದೊಂದು ಮೂಲೆಯೂ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಆ ಅಂಕಿಗಳನ್ನು ಕಂಪ್ಯೂಟರಿಗೆ ಊಡಿಸಿದರು. ಸಹಪಾಠಿ ಫ್ರೆಡ್ ಪಾರ್ಕ್ ಅವರ ಜೊತೆ ಸೇರಿ ಮಾಡಿದ ಆ ಪುಟ್ಟ ಚಿತ್ರದಲ್ಲಿ ಕೈ ತಿರುಗುತ್ತದೆ, ಬೆರಳು ಮಡಚುತ್ತದೆ, ನೋಡುವವರತ್ತ ಬೊಟ್ಟು ಮಾಡುತ್ತದೆ. ಆಮೇಲೆ ನೋಟ ಕೈಯ ಒಳಕ್ಕೇ ಹೊಕ್ಕು ಬೆರಳುಗಳ ಟೊಳ್ಳನ್ನು ತೋರಿಸುತ್ತದೆ. 1976ರಲ್ಲಿ ಆ ಕೈ ‘ಫ್ಯೂಚರ್‌ವರ್ಲ್ಡ್’ ಸಿನಿಮಾದಲ್ಲಿ ಕಾಣಿಸಿಕೊಂಡಿತು. 2011ರಲ್ಲಿ ಆ ಪುಟ್ಟ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೂ ಸೇರಿತು.

ಕ್ಯಾಟ್‌ಮುಲ್ ಕೈಯ ಅಚ್ಚು ತೆಗೆಯುವುದಕ್ಕೆ ಒಂದು ವರ್ಷ ಹಿಂದೆ, ಅದೇ ವಿಶ್ವವಿದ್ಯಾಲಯದಲ್ಲಿ, ಹೆನ್ರಿ ಗೂರೋ ಎಂಬ ಫ್ರೆಂಚ್ ಸಂಶೋಧಕರು ತಮ್ಮ ಪತ್ನಿ ಸಿಲ್ವಿಯವರ ಮುಖದ ಮೇಲೆಯೇ ಗೆರೆಗಳನ್ನು ಎಳೆದು ಅಳತೆ ತೆಗೆದಿದ್ದರು. ಚಪ್ಪಟೆ ತುಂಡುಗಳನ್ನು ಜೋಡಿಸಿ ಮಾಡಿದ ಮುಖ ಒಡೆದ ಗಾಜಿನ ಹಾಗೆ ಕಾಣದಿರಲೆಂದು, ಒಂದು ಮೂಲೆಯ ಬೆಳಕಿನಿಂದ ಇನ್ನೊಂದು ಮೂಲೆಯ ಬೆಳಕಿಗೆ ಬಣ್ಣ ನಯವಾಗಿ ಜಾರುವಂತೆ ಲೆಕ್ಕ ಹಾಕುವ ದಾರಿಯನ್ನು ಅವರು ಕಂಡುಕೊಂಡರು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ. ಸಿಲ್ವಿಯವರ ಹೆಸರು ಮಾತ್ರ ಆ ಕ್ಷೇತ್ರದ ಒಳಗಿನವರಿಗಷ್ಟೇ ಗೊತ್ತು.

ಈ ಎರಡು ಸಂಗತಿಗಳಿಂದಲೇ ಶುರುಮಾಡಿದ್ದಕ್ಕೆ ಕಾರಣವಿದೆ. ತ್ರಿಡಿ ಸಾಫ್ಟ್‌ವೇರಿನಲ್ಲಿ ನಿಜವೆನಿಸುವ ಮನುಷ್ಯಾಕೃತಿ ಮಾಡುವ ಕೆಲಸವನ್ನು ನಾವು ಶೂನ್ಯದಿಂದ ಸೃಷ್ಟಿಸುವ ವಿದ್ಯೆ ಎಂದುಕೊಳ್ಳುತ್ತೇವೆ. ಐವತ್ತು ವರ್ಷಗಳ ಚರಿತ್ರೆಯನ್ನು ತಿರುವಿಹಾಕಿದರೆ ಗೆದ್ದ ಪ್ರತಿ ಡಿಜಿಟಲ್ ಮುಖದ ಹಿಂದೆಯೂ ಒಬ್ಬ ಜೀವಂತ ಮನುಷ್ಯ ಕುಳಿತಿರುತ್ತಾನೆ, ಕುಳಿತಿರುತ್ತಾಳೆ: ಕೈ ಕೊಟ್ಟವರು, ಮುಖ ಕೊಟ್ಟವರು, ನಗುವನ್ನೂ ನಡಿಗೆಯನ್ನೂ ಕೊಟ್ಟವರು. ತಂತ್ರಜ್ಞಾನದ ಕಥೆಯನ್ನು ಹೇಳುವಾಗ ಈ ಸಾಲವನ್ನು ಬಿಟ್ಟು ಹೇಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೆಲಸದ ಮೂಲ ವಿಧಾನ ಕ್ಯಾಟ್‌ಮುಲ್ ಕಾಲದಿಂದ ಹೆಚ್ಚು ಬದಲಾಗಿಲ್ಲ. ಮಾಯಾ, ಬ್ಲೆಂಡರ್, ಝಡ್‌ಬ್ರಷ್, ಯಾವ ಸಾಫ್ಟ್‌ವೇರನ್ನೇ ತೆರೆಯಿರಿ, ಆಕೃತಿ ಎಂದರೆ ಬಿಂದುಗಳು, ಬಿಂದುಗಳನ್ನು ಸೇರಿಸುವ ಗೆರೆಗಳು, ಗೆರೆಗಳ ನಡುವಿನ ಚೌಕಗಳು. ಇದಕ್ಕೆ ಮೆಶ್ ಎನ್ನುತ್ತಾರೆ. ಝಡ್‌ಬ್ರಷ್‌ನಲ್ಲಿ ಕೋಟಿಗಟ್ಟಲೆ ಚೌಕಗಳಿರುವ ಮೆಶ್ಶನ್ನು ಜೇಡಿಮಣ್ಣು ತಿದ್ದಿದಂತೆ ತಿದ್ದಿ ಚರ್ಮದ ರಂಧ್ರದವರೆಗೆ ಕೆತ್ತಬಹುದು. ಆದರೆ ಅಷ್ಟು ಭಾರದ ಮುಖವನ್ನು ಅಲುಗಾಡಿಸಲು ಆಗುವುದಿಲ್ಲ. ಆದ್ದರಿಂದ ಅದರ ಮೇಲೆ ಹಗುರವಾದ ಇನ್ನೊಂದು ಮೆಶ್ ಹೆಣೆಯುತ್ತಾರೆ. ಅದರ ಗೆರೆಗಳು ಬಾಯಿಯ ಸುತ್ತ, ಕಣ್ಣಿನ ಸುತ್ತ ಬಳೆಬಳೆಯಾಗಿ ಹರಿಯಬೇಕು. ಚರ್ಮದ ಕೆಳಗೆ ಸ್ನಾಯುಗಳು ಹಾಗೆಯೇ ಸುತ್ತುವರಿದಿರುವುದರಿಂದ, ಗೆರೆ ಅಡ್ಡಾದಿಡ್ಡಿ ಹರಿದರೆ ಮುಖ ನಕ್ಕ ಕೂಡಲೇ ಕೆನ್ನೆ ಸುಕ್ಕುಗಟ್ಟಿ ಹರಿದಂತಾಗುತ್ತದೆ. ಬಣ್ಣ ಬಳಿಯಲು ಮುಖದ ಮೇಲ್ಮೈಯನ್ನು ಬಿಚ್ಚಿ ಚಪ್ಪಟೆಯಾಗಿ ಹಾಸಬೇಕು. ಕಿವಿಯ ಹಿಂದೆಯೋ ನೆತ್ತಿಯ ಮೇಲೋ, ಯಾರ ಕಣ್ಣಿಗೂ ಬೀಳದ ಕಡೆ ಸೀಳು ಹಾಕುತ್ತಾರೆ. ಕೆತ್ತನೆ ತಿಳಿದವರು ಹಲವರಿದ್ದಾರೆ. ಇಂಥ ಕಾಣದ ಕೆಲಸವನ್ನು ತಾಳ್ಮೆಯಿಂದ ಮಾಡುವವರೇ ಸ್ಟುಡಿಯೊಗಳಿಗೆ ನಿಜವಾಗಿ ಬೇಕಾದವರು.

ಇಷ್ಟು ಮಾಡಿದರೂ ಮುಖ ಸತ್ತಂತೆ ಕಾಣಬಹುದು. ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರೋಬೊ ತಜ್ಞ ಮಸಾಹಿರೊ ಮೋರಿ 1970ರಲ್ಲೇ ‘ಎನರ್ಜಿ’ ಎಂಬ ಪತ್ರಿಕೆಯಲ್ಲಿ ಈ ವಿಷಯ ಬರೆದಿದ್ದರು. ಯಂತ್ರವೋ ಗೊಂಬೆಯೋ ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಅದರ ಮೇಲೆ ಅಕ್ಕರೆ ಹೆಚ್ಚುತ್ತದೆ. ಹೋಲಿಕೆ ಇನ್ನೇನು ಪೂರ್ಣವಾಗಬೇಕು ಎನ್ನುವಲ್ಲಿ ಆ ಅಕ್ಕರೆ ಒಮ್ಮೆಲೇ ಕುಸಿದು ಅಸಹ್ಯವಾಗುತ್ತದೆ. ನೋಡಲು ಥೇಟ್ ನಿಜದಂತಿರುವ ಕೃತಕ ಕೈಯನ್ನು ಕುಲುಕಿದಾಗ ತಣ್ಣಗೆ ತಾಗಿದರೆ ಮೈ ಜುಮ್ಮೆನ್ನುವ ಉದಾಹರಣೆಯನ್ನು ಅವರು ಕೊಟ್ಟಿದ್ದರು. ಆ ಕುಸಿತಕ್ಕೆ ಅವರು ಕಣಿವೆ ಎಂದು ಹೆಸರಿಟ್ಟರು. ಮೂವತ್ತು ವರ್ಷಗಳ ನಂತರ ಸಿನಿಮಾದವರು ಆ ಕಣಿವೆಗೆ ಬಿದ್ದರು. 2001ರ ‘ಫೈನಲ್ ಫ್ಯಾಂಟಸಿ: ದ ಸ್ಪಿರಿಟ್ಸ್ ವಿದಿನ್’ ಚಿತ್ರದ ನಾಯಕಿ ಅಕಿ ರಾಸ್‌ಗೆ 60,000ದಷ್ಟು ಕೂದಲೆಳೆಗಳನ್ನು ಕೊಟ್ಟಿದ್ದರು. ಚಿತ್ರ ಸೋತಿತು. 2004ರ ‘ದ ಪೋಲಾರ್ ಎಕ್ಸ್‌ಪ್ರೆಸ್’ನಲ್ಲಿ ಟಾಮ್ ಹ್ಯಾಂಕ್ಸ್ ಅವರ ನಟನೆಯನ್ನೇ ಸೆನ್ಸರ್‌ಗಳಿಂದ ಹಿಡಿದು ಪಾತ್ರಗಳಿಗೆ ತೊಡಿಸಿದ್ದರು. ಮಕ್ಕಳ ಚಿತ್ರವಾದರೂ ಪಾತ್ರಗಳ ಕಣ್ಣುಗಳು ಭಯ ಹುಟ್ಟಿಸುತ್ತವೆ ಎಂದು ವಿಮರ್ಶಕರು ಬರೆದರು.

ತಪ್ಪಿದ್ದು ಎಲ್ಲಿ? ಮೊದಲು ಚರ್ಮದಲ್ಲಿ. ಕತ್ತಲ ಕೋಣೆಯಲ್ಲಿ ಟಾರ್ಚಿನ ಗಾಜಿನ ಮೇಲೆ ಬೆರಳುಗಳನ್ನು ಒತ್ತಿ ಹಿಡಿಯಿರಿ. ಬೆರಳಿನ ಅಂಚು ಕೆಂಪಾಗಿ ಹೊಳೆಯುತ್ತದೆ. ಬೆಳಕು ಚರ್ಮಕ್ಕೆ ಬಡಿದು ಅಲ್ಲೇ ಹಿಂದಿರುಗುವುದಿಲ್ಲ. ಒಳಗಿಳಿದು, ರಕ್ತ ಮಾಂಸಗಳ ನಡುವೆ ಅಲೆದು, ಹೊಕ್ಕ ಜಾಗಕ್ಕಿಂತ ಕೊಂಚ ದೂರದಲ್ಲಿ ಹೊರಬರುತ್ತದೆ. ಅದರಲ್ಲೂ ಕೆಂಪು ಬೆಳಕು ನೀಲಿಗಿಂತ ಹೆಚ್ಚು ದೂರ ಸಾಗುತ್ತದೆ. ಮೂಗಿನ ನೆರಳು ಕೆನ್ನೆಗೆ ಬಿದ್ದ ಅಂಚಿನಲ್ಲಿ ನಸುಗೆಂಪು ಕಾಣುವುದು ಇದರಿಂದಲೇ. ಹಳೆಯ ಸಾಫ್ಟ್‌ವೇರ್ ಬೆಳಕನ್ನು ಮೇಲ್ಮೈಯಲ್ಲೇ ತಡೆದು ವಾಪಸು ಕಳಿಸುತ್ತಿತ್ತು, ಹಾಗಾಗಿ ಮುಖ ಪ್ಲಾಸ್ಟಿಕ್ಕಿನಂತೆಯೋ ಮಣ್ಣಿನಂತೆಯೋ ಕಾಣುತ್ತಿತ್ತು. ಹೆನ್ರಿಕ್ ವಾನ್ ಯೆನ್ಸನ್, ಸ್ಟೀವ್ ಮಾರ್ಷ್ನರ್, ಮಾರ್ಕ್ ಲೆವಾಯ್ ಮತ್ತು ಪ್ಯಾಟ್ ಹ್ಯಾನ್ರಹನ್ 2001ರಲ್ಲಿ ಈ ಅಲೆದಾಟವನ್ನು ಕಂಪ್ಯೂಟರಿಗೆ ಭಾರವಾಗದಂತೆ ಲೆಕ್ಕ ಹಾಕುವ ಸೂತ್ರ ಕೊಟ್ಟರು. ಅಮೃತಶಿಲೆ, ಮನುಷ್ಯನ ಚರ್ಮ ಮಾತ್ರವಲ್ಲ, ಹಾಲನ್ನೂ ಅವರು ಅಳೆದಿದ್ದರು. ಗಟ್ಟಿ ಹಾಲಿಗೂ ಕೆನೆ ತೆಗೆದ ಹಾಲಿಗೂ ಬಣ್ಣದಲ್ಲಿರುವ ವ್ಯತ್ಯಾಸ ಆ ಚಿತ್ರಗಳಲ್ಲಿ ಸ್ಪಷ್ಟವಾಗಿತ್ತು. ಮರುವರ್ಷವೇ ‘ದ ಟೂ ಟವರ್ಸ್’ ಚಿತ್ರದ ಗೊಲಮ್ ಎಂಬ ಪಾತ್ರದ ತೆಳುವಾದ, ನಿಸ್ತೇಜ ಚರ್ಮಕ್ಕೆ ಜೀವ ಬಂದದ್ದು ಬೆಳಕನ್ನು ಹೀಗೆ ಒಳಗೆ ಬಿಟ್ಟುಕೊಂಡದ್ದರಿಂದ.

ಇಲ್ಲಿ ನಮಗೆ ಸಂಬಂಧಿಸಿದ ಒಂದು ಮಾತನ್ನು ಹೇಳಲೇಬೇಕು. ಚರ್ಮ ಎಂದಾಗ ಯಾರ ಚರ್ಮ? ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಸ್ವತಃ ಸಿನಿಮಾ ಗ್ರಾಫಿಕ್ಸ್‌ನಲ್ಲಿ ದುಡಿದ ಥಿಯೊಡೋರ್ ಕಿಮ್ 2020ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬರೆದ ಲೇಖನವೊಂದು ಇದೇ ಪ್ರಶ್ನೆಯನ್ನು ನೇರವಾಗಿ ಎತ್ತಿತು. ಬೆಳಕು ಒಳಗೆ ಅಲೆದು ಬರುವ ಮಿನುಗು ಬಿಳಿ ಚರ್ಮದಲ್ಲೇ ಎದ್ದು ಕಾಣುವ ಗುಣ. ದಶಕಗಳ ಸಂಶೋಧನೆ ಅದನ್ನೇ ‘ಮನುಷ್ಯ ಚರ್ಮ’ದ ಲಕ್ಷಣವೆಂದು ಹಿಡಿದುಕೊಂಡಿತು. ಕಪ್ಪು, ಕಂದು ಚರ್ಮದಲ್ಲಿ ಮೆಲನಿನ್ ಹೆಚ್ಚಾಗಿದ್ದು ಒಳಹೊಕ್ಕ ಬೆಳಕಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಅಲ್ಲಿ ಮುಖಕ್ಕೆ ಆಕಾರ ಕೊಡುವುದು ಮೇಲ್ಮೈಯ ಹೊಳಪು: ಹಣೆಯ ಮೇಲಿನ ಎಣ್ಣೆ ಪಸೆ, ಕೆನ್ನೆಮೂಳೆಯ ಮೇಲೆ ಜಾರುವ ಬೆಳಕಿನ ಪಟ್ಟಿ. ಕೂದಲಿನ ಕಥೆಯೂ ಹಾಗೆಯೇ, ನೇರ ಕೂದಲಿನ ಮೇಲೆ ಆದಷ್ಟು ಕೆಲಸ ಗುಂಗುರು ಕೂದಲಿನ ಮೇಲೆ ಆಗಲಿಲ್ಲ ಎಂದು ಕಿಮ್ ತೋರಿಸಿದರು. ಎಣ್ಣೆ ಹಚ್ಚಿ ಬಾಚಿ ಜಡೆ ಹಾಕಿದ ನಮ್ಮ ತಲೆಗೂದಲು ಎಳೆಎಳೆಯಾಗಿ ಹಾರಾಡುವುದಿಲ್ಲ. ಎಳೆಗಳು ಅಂಟಿಕೊಂಡು, ಹೊಳಪು ಬೇರೆ ರೀತಿಯಲ್ಲಿ ಹರಡುತ್ತದೆ. ಸಿದ್ಧ ಸೂತ್ರವನ್ನು ಒತ್ತಿ ಬಣ್ಣವನ್ನಷ್ಟೇ ಗಾಢ ಮಾಡಿದರೆ ನಮ್ಮವರ ಮುಖ ಮಸಿ ಬಳಿದಂತೆ ಕಾಣುತ್ತದೆ. ಇದನ್ನು ಕಲಾವಿದರ ಅಭಿರುಚಿಯ ಪ್ರಶ್ನೆ ಎಂದು ಬಿಡುವಂತಿಲ್ಲ. ಅಳತೆಗೆ ಯಾರನ್ನು ಕೂರಿಸಿದರು ಎಂಬುದರಲ್ಲೇ ಇದರ ಮೂಲ ಇದೆ.

ಅಳತೆಯ ವಿಧಾನವನ್ನೇ ಬದಲಿಸಿದವರು ಸಂಶೋಧಕ ಪಾಲ್ ಡೆಬೆವೆಕ್. 2000ದಲ್ಲಿ ಬರ್ಕ್ಲಿಯಲ್ಲಿ ಅವರ ತಂಡ ಕಟ್ಟಿದ ಮೊದಲ ಲೈಟ್ ಸ್ಟೇಜಿನಲ್ಲಿ ಒಬ್ಬರನ್ನು ಅಲುಗಾಡದಂತೆ ಕೂರಿಸಿ ಒಂದೇ ಒಂದು ದೀಪವನ್ನು ಸುತ್ತಲೂ, ಮೇಲಿನಿಂದ ಕೆಳಗಿನವರೆಗೂ ತಿರುಗಿಸುತ್ತಿದ್ದರು. ಸುಮಾರು ಒಂದು ನಿಮಿಷದಲ್ಲಿ ಎಲ್ಲ ದಿಕ್ಕಿನ ಬೆಳಕಿನಲ್ಲೂ ಆ ಮುಖದ ಚಿತ್ರ ಸಿಗುತ್ತಿತ್ತು. ಇದರ ಹಿಂದಿನ ವಿಚಾರ ಸರಳ, ಆದರೆ ಅದ್ಭುತ: ಬೆಳಕು ಕೂಡಿಕೆಯ ಲೆಕ್ಕ. ಎಡದ ದೀಪದಲ್ಲಿ ತೆಗೆದ ಚಿತ್ರವನ್ನೂ ಬಲದ ದೀಪದಲ್ಲಿ ತೆಗೆದ ಚಿತ್ರವನ್ನೂ ಕೂಡಿಸಿದರೆ ಎರಡೂ ದೀಪ ಉರಿದಾಗಿನ ಮುಖವೇ ಬರುತ್ತದೆ. ಹಾಗಾಗಿ ಎಲ್ಲ ದಿಕ್ಕುಗಳ ಚಿತ್ರ ಕೈಯಲ್ಲಿದ್ದರೆ ಸಂಜೆಯ ಸೂರ್ಯ, ಬೀದಿದೀಪ, ದೇವಸ್ಥಾನದ ಒಳಗಿನ ಮಬ್ಬು, ಯಾವ ಬೆಳಕಿನಲ್ಲಿ ಬೇಕಾದರೂ ಆ ಮುಖವನ್ನು ತೋರಿಸಬಹುದು. ಮುಂದೆ ಇದು ಎಲ್‌ಇಡಿ ದೀಪಗಳ ದೊಡ್ಡ ಗೋಳವಾಯಿತು. ದೀಪ ಮತ್ತು ಕ್ಯಾಮೆರಾಗಳ ಮುಂದೆ ಧ್ರುವಕ ಫಿಲ್ಟರ್ ಇಟ್ಟು ಚರ್ಮದ ಮೇಲಿನ ಹೊಳಪನ್ನೂ ಒಳಗಿನಿಂದ ಬರುವ ಬಣ್ಣವನ್ನೂ ಬೇರೆ ಬೇರೆಯಾಗಿ ಹಿಡಿದರು. ‘ಸ್ಪೈಡರ್‌ಮ್ಯಾನ್ 2’, ‘ಬೆಂಜಮಿನ್ ಬಟನ್’, ‘ಅವತಾರ್’ ಎಲ್ಲವೂ ಈ ತಂತ್ರವನ್ನು ಬಳಸಿಕೊಂಡವು.

2008ರಲ್ಲಿ ಡೆಬೆವೆಕ್ ಅವರ ತಂಡ ಇಮೇಜ್ ಮೆಟ್ರಿಕ್ಸ್ ಸಂಸ್ಥೆಯೊಂದಿಗೆ ಸೇರಿ ನಟಿ ಎಮಿಲಿ ಒ’ಬ್ರಯನ್ ಅವರ ಡಿಜಿಟಲ್ ಮುಖವನ್ನು ತೋರಿಸಿತು. ಅವರು ಗೋಳದೊಳಗೆ ಕುಳಿತು ಮೂವತ್ತಕ್ಕೂ ಹೆಚ್ಚು ಮುಖಭಾವಗಳನ್ನು ಒಂದೊಂದಾಗಿ ಹಿಡಿದು ನಿಲ್ಲಿಸಿದ್ದರು: ಬಾಯಿ ಅಗಲ ತೆರೆದು, ಕಣ್ಣು ಬಿಗಿಯಾಗಿ ಮುಚ್ಚಿ, ತುಟಿ ಒಂದೇ ಕಡೆಗೆ ಎಳೆದು. ವಿಡಿಯೊದಲ್ಲಿ ಎಮಿಲಿ ಮಾತನಾಡುತ್ತಾರೆ. ದೇಹ, ಕೂದಲು, ಕೋಣೆ ಎಲ್ಲ ನಿಜ, ಮುಖ ಮಾತ್ರ ಕಂಪ್ಯೂಟರಿನದು. ಕಣಿವೆ ದಾಟಿದ ಮೊದಲ ಮುಖಗಳಲ್ಲಿ ಅದೂ ಒಂದು ಎಂದು ಹಲವರು ಒಪ್ಪಿದರು.

ಆದರೂ ನಾನು ಯಾವುದೇ ಡಿಜಿಟಲ್ ಮುಖವನ್ನು ನೋಡುವಾಗ ಮೊದಲು ನೋಡುವುದು ಕಣ್ಣನ್ನು. ಕೆಲಸ ಕಲಿಯುತ್ತಿರುವವರು ಬಿಳಿ ಗೋಳ ಮಾಡಿ, ಮೇಲೆ ಕಣ್ಣಿನ ಫೋಟೊ ಅಂಟಿಸಿ ಮುಗಿಸುತ್ತಾರೆ. ಅನುಭವಿ ಕಲಾವಿದೆ ಅಲ್ಲಿಂದ ಶುರುಮಾಡುತ್ತಾಳೆ. ಸುಮಾರು 24 ಮಿಲಿಮೀಟರ್ ವ್ಯಾಸದ ಗುಡ್ಡೆ, ಅದರ ಮುಂದೆ ಉಬ್ಬಿದ ಪಾರದರ್ಶಕ ಕಾರ್ನಿಯ. ಬಣ್ಣದ ಐರಿಸ್ ಈ ಉಬ್ಬಿನ ಹಿಂದೆ, ಒಳಗೆ, ಕೊಂಚ ತಗ್ಗಿನಲ್ಲಿ ಕೂರಬೇಕು. ಬೆಳಕು ಎಡದಿಂದ ಬಂದರೆ ಕಾರ್ನಿಯದಲ್ಲಿ ಬಾಗಿ ಐರಿಸ್‌ನ ಬಲ ಅಂಚನ್ನು ಬೆಳಗಬೇಕು. ಬಿಳಿಭಾಗ ಬಿಳಿಯಲ್ಲ; ಅದರಲ್ಲಿ ಹಳದಿ ಛಾಯೆಯಿದೆ, ಎಳೆ ರಕ್ತನಾಳಗಳಿವೆ, ಮೇಲುರೆಪ್ಪೆಯ ನೆರಳಿದೆ. ಬಿಳಿಗೂ ಐರಿಸ್‌ಗೂ ನಡುವಿನ ಗೆರೆ ಚಾಕುವಿನಿಂದ ಕೊಯ್ದಂತಿರದೆ ಮಸುಕಾಗಿರಬೇಕು. ಮೂಗಿನ ಕಡೆಯ ಮೂಲೆಯಲ್ಲಿ ಗುಲಾಬಿ ಬಣ್ಣದ ಪುಟ್ಟ ಮಾಂಸದ ಉಂಡೆ. ಕೊನೆಗೆ ಅವಳು ಕೆಳರೆಪ್ಪೆಗೂ ಗುಡ್ಡೆಗೂ ನಡುವೆ ಕೂದಲೆಳೆಯಷ್ಟು ತೆಳುವಾದ ನೀರಿನ ಗೆರೆಯನ್ನು ಇಡುತ್ತಾಳೆ. ಅದಿಲ್ಲದಾಗ ಕಣ್ಣು ತಲೆಬುರುಡೆಗೆ ಸಿಕ್ಕಿಸಿದ ಗಾಜಿನ ಗುಂಡು. ಅದು ಬಂದ ಕೂಡಲೇ ರೆಪ್ಪೆ ಕಣ್ಣಿಗೆ ಸೇರಿಕೊಳ್ಳುತ್ತದೆ, ಯಾರೋ ನಮ್ಮನ್ನು ನೋಡುತ್ತಿದ್ದಾರೆ ಅನಿಸುತ್ತದೆ. ಜ್ಯೂರಿಕ್‌ನ ಡಿಸ್ನಿ ಸಂಶೋಧನಾಲಯ 2014ರಲ್ಲಿ ನಿಜವಾದ ಕಣ್ಣುಗಳನ್ನು ಸೂಕ್ಷ್ಮವಾಗಿ ಸೆರೆಹಿಡಿದಾಗ ಯಾವ ಕಣ್ಣೂ ಪರಿಪೂರ್ಣ ಗೋಳವಲ್ಲ, ಒಬ್ಬೊಬ್ಬರದೂ ಬೇರೆ ಎಂಬುದು ಖಚಿತವಾಯಿತು.

ನಿಂತ ಕಣ್ಣು ಸಾಲದು, ಅದು ಚಲಿಸಬೇಕು. ಜೀವಂತ ಕಣ್ಣು ಒಂದೇ ಕಡೆ ನೆಟ್ಟಾಗಲೂ ಸಣ್ಣಗೆ ಜಿಗಿಯುತ್ತಿರುತ್ತದೆ. ಗುಡ್ಡೆ ತಿರುಗಿದಾಗ ಕಾರ್ನಿಯದ ಉಬ್ಬು ಮುಚ್ಚಿದ ರೆಪ್ಪೆಯನ್ನೂ ಒಳಗಿನಿಂದ ಎತ್ತುತ್ತದೆ. ‘ಪೋಲಾರ್ ಎಕ್ಸ್‌ಪ್ರೆಸ್’ ಕಾಲದಲ್ಲಿ ನಟರ ಮುಖಕ್ಕೆ ಅಂಟಿಸಿದ ಗುರುತುಗಳಿಂದ ಕೆನ್ನೆ, ಹುಬ್ಬುಗಳ ಚಲನೆ ಸಿಗುತ್ತಿತ್ತು, ಕಣ್ಣುಗುಡ್ಡೆಯದು ಸಿಗುತ್ತಿರಲಿಲ್ಲ. ಆ ಚಿತ್ರದ ನಿರ್ದೇಶಕ ರಾಬರ್ಟ್ ಝೆಮೆಕಿಸ್ 2007ರ ‘ಬೆವುಲ್ಫ್’ಗೆ ನಟರ ಕಣ್ಣಿನ ಸುತ್ತ ವಿದ್ಯುದ್ವಾರಗಳನ್ನು ಅಂಟಿಸಿ ನೋಟದ ಚಲನೆಯನ್ನೂ ದಾಖಲಿಸಿದರು.

ಭಾವದ ಲೆಕ್ಕಕ್ಕೆ ಆಧಾರ ಒದಗಿಸಿದ್ದು ಮನಃಶಾಸ್ತ್ರ. ಸ್ವೀಡನ್ನಿನ ಅಂಗರಚನಾ ತಜ್ಞ ಕಾರ್ಲ್ ಹರ್ಮನ್ ಯೋರ್ಟ್‌ಷೋ ಹಾಕಿದ ತಳಹದಿಯ ಮೇಲೆ ಪಾಲ್ ಎಕ್‌ಮನ್ ಮತ್ತು ವ್ಯಾಲೇಸ್ ಫ್ರೀಸನ್ 1978ರಲ್ಲಿ ಮುಖದ ಪ್ರತಿ ಚಲನೆಗೂ ಸಂಖ್ಯೆ ಕೊಟ್ಟರು. ತುಟಿಯ ತುದಿ ಮೇಲೇರುವುದು 12, ಕೆನ್ನೆ ಎದ್ದು ಕಣ್ಣು ಕಿರಿದಾಗುವುದು 6. ಬರೀ 12 ಇದ್ದರೆ ಅಂಗಡಿಯವರ ಉಪಚಾರದ ನಗು, 6 ಕೂಡಿದರೆ ಮನಸ್ಸಿನ ನಗು. ಇವತ್ತು ಅನಿಮೇಟರ್ ತೆರೆಯ ಮೇಲೆ ಸರಿಸುವ ಸ್ಲೈಡರುಗಳೆಲ್ಲ ಹೆಚ್ಚುಕಡಿಮೆ ಈ ಪಟ್ಟಿಯ ಸಂತಾನ. ಆದರೆ ಸ್ಲೈಡರು ಯಾವಾಗ, ಎಷ್ಟು ಸರಿಯಬೇಕೆಂದು ಪಟ್ಟಿ ಹೇಳುವುದಿಲ್ಲ. ಗೊಲಮ್‌ನ ಚಲನೆ ನಟ ಆಂಡಿ ಸರ್ಕಿಸ್ ಅವರದು. ಮುಖವನ್ನು ಮಾತ್ರ ಅನಿಮೇಟರುಗಳು ಸರ್ಕಿಸ್ ಅವರ ಅಭಿನಯದ ದೃಶ್ಯಗಳನ್ನು ನೋಡಿ ನೋಡಿ ಕೈಯಾರೆ ಮಾಡಿದರು. ಪಾತ್ರ ಯಾರದ್ದು ಎಂಬ ವಾದ ಆಗಾಗ ಏಳುತ್ತದೆ. ನನ್ನ ಮಟ್ಟಿಗೆ ಎರಡೂ ಕಡೆಯವರದ್ದು, ಒಬ್ಬರ ಹೆಸರು ಹೇಳಿ ಇನ್ನೊಬ್ಬರದ್ದನ್ನು ಬಿಡುವುದು ಅನ್ಯಾಯ.

1972 ಎಂದರೆ ಕನ್ನಡಿಗರಿಗೆ ಬೇರೆಯದೇ ನೆನಪು. ಕ್ಯಾಟ್‌ಮುಲ್ ಕೈಯ ಅಚ್ಚು ತೆಗೆದ ಆ ವರ್ಷವೇ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂತು, ರಾಮಾಚಾರಿಯಾಗಿ ವಿಷ್ಣುವರ್ಧನ್ ನಾಡಿನ ಮನೆಮಾತಾದರು. 2009ರ ಡಿಸೆಂಬರ್ 30ರಂದು ಅವರು ತೀರಿಕೊಂಡರು. 2016ರಲ್ಲಿ ಅದೇ ಹೆಸರಿನ ಇನ್ನೊಂದು ಚಿತ್ರ ಬಂದಾಗ, ಕೋಡಿ ರಾಮಕೃಷ್ಣ ಅವರ ನಿರ್ದೇಶನದಲ್ಲಿ, ಹೈದರಾಬಾದಿನ ಮಕುಟ ವಿಎಫ್‌ಎಕ್ಸ್ ಕಲಾವಿದರು ವಿಷ್ಣುವರ್ಧನ್ ಅವರನ್ನು ಡಿಜಿಟಲ್ ರೂಪದಲ್ಲಿ ತೆರೆಗೆ ತಂದರು. ಚಿತ್ರಮಂದಿರಗಳಲ್ಲಿ ಶಿಳ್ಳೆ ಬಿದ್ದವು. ಆ ಕೆಲಸದ ಕಷ್ಟವನ್ನು ಅರಿತು ನೋಡಬೇಕು. ತೀರಿಕೊಂಡವರನ್ನು ದೀಪಗಳ ಗೋಳದೊಳಗೆ ಕೂರಿಸಲು ಆಗುವುದಿಲ್ಲ. ಹಳೆಯ ರೀಲು, ಫೋಟೊಗಳಿಂದಲೇ ಮೂಗಿನ ಆಳ, ದವಡೆಯ ಅಗಲ ಊಹಿಸಬೇಕು. ಅದೂ ಒಂದೊಂದು ಚಿತ್ರದಲ್ಲಿ ಒಂದೊಂದು ವಯಸ್ಸು, ಒಂದೊಂದು ಮೇಕಪ್ಪು. ಅದೇ ವರ್ಷ ‘ರೋಗ್ ಒನ್’ ಚಿತ್ರದಲ್ಲಿ, 1994ರಲ್ಲಿ ಅಗಲಿದ ನಟ ಪೀಟರ್ ಕುಷಿಂಗ್ ಅವರ ಮುಖ ಮರಳಿತು. ಆ ತಂಡಕ್ಕೆ ಒಂದು ಆಸರೆ ಸಿಕ್ಕಿತ್ತು: ‘ಟಾಪ್ ಸೀಕ್ರೆಟ್’ ಎಂಬ 1984ರ ಚಿತ್ರಕ್ಕಾಗಿ ತೆಗೆದಿದ್ದ ಕುಷಿಂಗ್ ಅವರ ಮುಖದ ಎರಕ. ಅದನ್ನು ಸ್ಕ್ಯಾನ್ ಮಾಡಿ, ಗೈ ಹೆನ್ರಿ ಎಂಬ ನಟರ ಅಭಿನಯದ ಮೇಲೆ ತೊಡಿಸಿದರು. ಕುಷಿಂಗ್ ಅವರ ಹಕ್ಕುಗಳನ್ನು ನೋಡಿಕೊಳ್ಳುವವರ ಒಪ್ಪಿಗೆ ಪಡೆದಿದ್ದರು. ಆದರೂ ಸತ್ತವರ ಬಾಯಲ್ಲಿ ಅವರು ಆಡದ ಮಾತನ್ನು ಆಡಿಸಬಹುದೇ ಎಂಬ ಚರ್ಚೆ ನಿಲ್ಲಲಿಲ್ಲ.

ಒಪ್ಪಿಗೆಯ ಪ್ರಶ್ನೆ ಸಿನಿಮಾದಿಂದ ಹುಟ್ಟಿದ್ದಲ್ಲ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ‘ವಿಸಿಬಲ್ ಹ್ಯೂಮನ್’ ಯೋಜನೆಯಲ್ಲಿ ಒಂದು ಪೂರ್ಣ ಪುರುಷ ದೇಹದ ಡಿಜಿಟಲ್ ರೂಪವನ್ನು ಬಿಡುಗಡೆ ಮಾಡಿತು. ಟೆಕ್ಸಸ್‌ನಲ್ಲಿ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಶವವನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರಿನಂತೆ ಹೆರೆದು, 1,871 ಚಿತ್ರ ತೆಗೆದಿದ್ದರು. ದೇಹವನ್ನು ವಿಜ್ಞಾನಕ್ಕೆ ಕೊಡಲು ಆತ ಒಪ್ಪಿದ್ದ. ವೈದ್ಯ ವಿದ್ಯಾರ್ಥಿಗಳು ಆ ದೇಹದಿಂದ ಎಷ್ಟೋ ಕಲಿತರು. ಆದರೆ ಕೊಡುತ್ತೇನೆ ಎನ್ನುವುದಕ್ಕೂ ಯಾವುದಕ್ಕೆ, ಎಲ್ಲಿಯವರೆಗೆ ಎಂಬುದನ್ನು ತಿಳಿದು ಕೊಡುವುದಕ್ಕೂ ಬಹಳ ಅಂತರವಿದೆ.

ಈಗ ಆ ಅಂತರ ಇನ್ನಷ್ಟು ಹಿಗ್ಗಿದೆ. 2021ರಲ್ಲಿ ಎಪಿಕ್ ಗೇಮ್ಸ್ ಪ್ರಕಟಿಸಿದ ಮೆಟಾಹ್ಯೂಮನ್ ಕ್ರಿಯೇಟರ್ ಎಂಬ ಸಾಫ್ಟ್‌ವೇರಿನಲ್ಲಿ ತಿಂಗಳುಗಳ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯಿತು. ಮುಖವನ್ನು ಎಳೆದು, ತಿದ್ದಿ, ಬೆರೆಸಿ ಹೊಸಬರೊಬ್ಬರನ್ನು ನಿಲ್ಲಿಸಬಹುದು. ಚರ್ಮ, ಹಲ್ಲು, ಕಣ್ಣಿನ ನೀರಿನ ಗೆರೆ ಎಲ್ಲ ಜೊತೆಯಲ್ಲೇ ಬರುತ್ತವೆ. ಕಲಿಯುವ ಹುಡುಗ ಹುಡುಗಿಯರಿಗೆ ಇದು ದೊಡ್ಡ ವರ, ಬಿಡಿಗಾಸಿಲ್ಲದೆ ಸಿಗುವ ಬ್ಲೆಂಡರ್ ಹೇಗೋ ಹಾಗೆ. ಆದರೆ ಅಲ್ಲಿ ಬೆರೆಯುವುದೂ ನಿಜವಾದ ಮನುಷ್ಯರ ಸ್ಕ್ಯಾನುಗಳೇ. ಹುಟ್ಟಿದ ಮುಖ ಯಾರದ್ದೂ ಅಲ್ಲದಿರಬಹುದು, ಅದರ ಅಂಶಗಳು ಮಾತ್ರ ಯಾರ್ಯಾರದ್ದೋ.

2023ರಲ್ಲಿ ಹಾಲಿವುಡ್ ನಟರು 118 ದಿನ ಮುಷ್ಕರ ಹೂಡಿದಾಗ ಡಿಜಿಟಲ್ ಪ್ರತಿರೂಪದ ಬಳಕೆಗೆ ಕಡಿವಾಣ ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು. ಅದರ ಬಿಸಿ ಹೆಚ್ಚು ತಾಗಿದ್ದು ತಾರೆಯರಿಗಲ್ಲ, ಜನರ ಗುಂಪಿನಲ್ಲಿ ನಿಲ್ಲುವ ಸಹನಟರಿಗೆ. ಒಮ್ಮೆ ಸ್ಕ್ಯಾನ್ ಆದರೆ ಮುಂದಿನ ಎಷ್ಟೋ ದಿನಗಳ ಕೂಲಿ ಕೈತಪ್ಪಬಹುದೆಂಬ ಭಯ ಅವರದು. ಕೊನೆಗೆ ಆದ ಒಪ್ಪಂದ ಸ್ಪಷ್ಟ ಒಪ್ಪಿಗೆಯನ್ನೂ ಪ್ರತಿಫಲವನ್ನೂ ಕಡ್ಡಾಯ ಮಾಡಿತು. ನಮ್ಮಲ್ಲಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ನಟ ಅನಿಲ್ ಕಪೂರ್ ಅವರ ಹೆಸರು, ಚಿತ್ರ, ದನಿಯನ್ನು ಅನುಮತಿಯಿಲ್ಲದೆ ಬಳಸದಂತೆ ಆದೇಶಿಸಿತು. ತಮ್ಮ ಮುಖ, ದನಿಗಳ ಮೇಲಿನ ಈ ಹಕ್ಕಿಗೆಂದೇ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಪ್ರಸಿದ್ಧರು ನ್ಯಾಯಾಲಯದ ಮೆಟ್ಟಿಲು ಹತ್ತಿ ರಕ್ಷಣೆ ಪಡೆಯುತ್ತಿದ್ದಾರೆ.

ಮೆಟ್ಟಿಲು ಹತ್ತಲಾಗದವರ ಕಥೆ ಬೇರೆ. ಬೆಂಗಳೂರಿನಲ್ಲಿ ಗೇಮಿಂಗ್ ಕಂಪನಿಗಳಿವೆ, ಜಗತ್ತಿನ ದೊಡ್ಡ ಚಿತ್ರಗಳಿಗೆ ದುಡಿದ ವಿಎಫ್‌ಎಕ್ಸ್ ಕಲಾವಿದರಿದ್ದಾರೆ. ಸ್ಕ್ಯಾನ್‌ಗೆ ಮುಖ ಬೇಕೆಂದಾಗ ಬರುವವರು ರಂಗಭೂಮಿಯ ಹುಡುಗರು, ಧಾರಾವಾಹಿಯ ಜೂನಿಯರ್ ಕಲಾವಿದರು. ಅವರ ಕೈಗೆ ಸಿಗುವ ಕರಾರುಪತ್ರ ಕನ್ನಡದಲ್ಲಿರಬೇಕು, ಓದಿ ಕೇಳಲು ಸಮಯ ಕೊಡಬೇಕು. ಯಾವ ಚಿತ್ರಕ್ಕೆ, ಯಾವ ಆಟಕ್ಕೆ, ಎಷ್ಟು ವರ್ಷ ಎಂದು ಬರೆದಿರಬೇಕು. ಮುಖವನ್ನು ಬೇರೆ ಮುಖಗಳೊಂದಿಗೆ ಬೆರೆಸುವುದಾದರೆ, ಕೃತಕ ಬುದ್ಧಿಮತ್ತೆಗೆ ಕಲಿಸಲು ಬಳಸುವುದಾದರೆ ಅದಕ್ಕೆ ಬೇರೆ ಸಹಿ, ಬೇರೆ ಸಂಭಾವನೆ. ಅವಧಿ ಮುಗಿದಾಗ ಕಡತ ಅಳಿಸಿದ್ದಕ್ಕೆ ಲಿಖಿತ ದೃಢೀಕರಣ ಸಿಗಬೇಕು. ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ, ಮೆಶ್ ಹೆಣೆದವರ ಪಕ್ಕದಲ್ಲೇ, ಮುಖ ಕೊಟ್ಟವರ ಹೆಸರೂ ಇರಬೇಕು.